ಕೆಂಪು ಹತ್ತಿದ ರೊಟ್ಟಿ

"ಇದು ನಮ್ಮವ್ವ ಬಡದ ರೊಟ್ಟಿ ಅಲ್ಲ," ಎಂದು ಮುದಕಪ್ಪ ಕೈಯಲ್ಲಿದ್ದ ತುಂಡನ್ನು ಡಬ್ಬಿಗೆ ಮರಳಿ ಒಗೆದ.

ಎದುರಿಗೆ ಉಣ್ಣುತ್ತ ಕೂತಿದ್ದ ಯಮನಪ್ಪ ತಲೆ ಎತ್ತಲಿಲ್ಲ. ಇಬ್ಬರೂ ಬಾಗಲಕೋಟೆಯಲ್ಲಿ ಕಾಲೇಜು ಓದುವವರು, ಇಬ್ಬರಿಗೂ ಒಂದೇ ಬಾಡಿಗೆ ಖೋಲಿ. ಊಟ ಮಾತ್ರ ಊರಿನದು. ಯಮನಪ್ಪನ ಬುತ್ತಿ ಕಲಾದಗಿಯ ಬಸ್ಸಿಗೆ ಬರುತ್ತಿತ್ತು, ಮುದಕಪ್ಪನದು ಇಳಕಲ್ಲಿನ ಬಸ್ಸಿಗೆ. ಬಿ.ಎಸ್ಸಿ. ಓದುವ ಮುದಕಪ್ಪನಿಗೆ ಮುಂಜಾನೆ ಪ್ರ್ಯಾಕ್ಟಿಕಲ್ ಇರುತ್ತಿದ್ದುದರಿಂದ, ಬಸ್ ಸ್ಟ್ಯಾಂಡಿಗೆ ಹೋಗಿ ಎರಡೂ ಡಬ್ಬಿ ತರುವ ಕೆಲಸ ಬಿ.ಎ. ಓದುವ ಯಮನಪ್ಪನ ಪಾಲಿಗೆ ಬಂದಿತ್ತು. ಇಷ್ಟು ದಿನ ಇದರಲ್ಲಿ ಒಂದು ತಕರಾರೂ ಇರಲಿಲ್ಲ. ಆದರೆ ಸಂಶಯ ಒಮ್ಮೆ ಒಳಗೆ ಬಂತೆಂದರೆ ಬಾಡಿಗೆ ಕೊಡದೆ ಖೋಲಿಯಲ್ಲೇ ಠಿಕಾಣಿ ಹೂಡುತ್ತದೆ ನೋಡಿ.

ಅವ್ವ ಸಂಗವ್ವನ ರೊಟ್ಟಿ ಎಂದರೆ ತೆಳ್ಳಗೆ, ದುಂಡಗೆ, ಅಂಚು ಎಲ್ಲಿಯೂ ಒಡೆದಿರುತ್ತಿರಲಿಲ್ಲ. ಈಗ ಕೆಲವು ದಿನಗಳಿಂದ ಡಬ್ಬಿಯಲ್ಲಿ ಬರುತ್ತಿದ್ದವು ದಪ್ಪ ರೊಟ್ಟಿ. ನಡುವೆ ಹಸಿ, ಅಂಚು ಕರಕು. ಡಬ್ಬಿಗೆ ಸುತ್ತಿದ ಅರಿವೆಯ ಗಂಟೂ ಅವ್ವ ಹಾಕುವ ಗಂಟಲ್ಲ. ಯಾರೋ ಬಿಚ್ಚಿ ಮತ್ತೆ ಕಟ್ಟಿದಂತಿತ್ತು. ಇವೆಲ್ಲ ಸಾಲದು ಎಂಬಂತೆ ಇವತ್ತು ರೊಟ್ಟಿಯ ಮೇಲೆ ಕೆಂಪಗೆ ಒಂದು ಬೆರಳಿನ ಗುರುತು. ಯಮನಪ್ಪನಿಗೆ ಎಲೆ ಅಡಿಕೆಯ ಚಟ. ಕಾಚು ಹತ್ತಿ ಅವನ ಬೆರಳ ತುದಿ ಸದಾ ಕೆಂಪು.

"ಮತ್ತ ಯಾರು ಬಡದಾರ?" ಎಂದ ಯಮನಪ್ಪ.

"ಅದನ್ನ ನೀ ಹೇಳಬೇಕು. ಹಾದ್ಯಾಗ ನಮ್ಮವ್ವನ ರೊಟ್ಟಿ ನೀ ತಿಂದು, ನಿಮ್ಮನಿ ರೊಟ್ಟಿ ಇದರಾಗ ತುಂಬ್ತಿ. ಅಲ್ಲಂದ್ರ ಈ ಕೆಂಪು ಎಲ್ಲಿಂದ ಬಂತು?"

ಯಮನಪ್ಪ ತನ್ನ ಬೆರಳುಗಳನ್ನು ನೋಡಿಕೊಂಡ. ಏನೋ ಹೇಳಲು ಹೋಗಿ ಮುಷ್ಟಿ ಮಡಿಚಿದ. "ಈಗ ಸುಮ್ಮನ ಉಣ್ಣು. ಪರೀಕ್ಷಾ ಮುಗೀಲಿ, ಆಮ್ಯಾಲ ಎಷ್ಟ್ ಬೈತಿ ಬೈ."

ಕಳ್ಳನಲ್ಲದಿದ್ದರೆ ಮೈಮೇಲೆ ಬರುತ್ತಿದ್ದ, ಜಗಳ ತೆಗೆಯುತ್ತಿದ್ದ ಎಂದುಕೊಂಡ ಮುದಕಪ್ಪ. ಹಸಿವೆ ತಡೆಯದೆ ಅದೇ ರೊಟ್ಟಿಯನ್ನು ಬೈಯುತ್ತಲೇ ತಿಂದು ಮುಗಿಸಿದ. ಮುಂದೆ ಮೂರ್ನಾಲ್ಕು ದಿನ ಖೋಲಿಯಲ್ಲಿ ಮಾತಿಲ್ಲ ಕತೆಯಿಲ್ಲ. ಯಮನಪ್ಪ ಮಾತ್ರ ಮುಂಜಾನೆ ಹೋಗುವುದನ್ನೂ ಡಬ್ಬಿ ತಂದಿಡುವುದನ್ನೂ ಬಿಡಲಿಲ್ಲ. ಅದು ಮುದಕಪ್ಪನ ಹೊಟ್ಟೆಗೆ ಇನ್ನಷ್ಟು ಬೆಂಕಿ ಹಚ್ಚಿತು. ಕೊನೆಗೊಂದು ದಿನ ಪ್ರ್ಯಾಕ್ಟಿಕಲ್ ತಪ್ಪಿಸಿ, ಯಮನಪ್ಪ ಏಳುವ ಮೊದಲೇ ತಾನೇ ಸ್ಟ್ಯಾಂಡಿಗೆ ಹೋಗಿ ನಿಂತ.

ಇಳಕಲ್ಲಿನ ಬಸ್ಸು ಬಂತು. ಕಂಡಕ್ಟರ್ ಇಬ್ರಾಹಿಂಸಾಬ ಇಳಿಯುವ ಮೊದಲೇ ಅವನ ಕೈಯಿಂದ ಡಬ್ಬಿ ಕಸಿದುಕೊಂಡು ಅಲ್ಲೇ ಬಿಚ್ಚಿದ. ಅದೇ ಬೇರೆ ಗಂಟು. ಅದೇ ದಪ್ಪ ರೊಟ್ಟಿ. ಮೇಲೆ ಅದೇ ಕೆಂಪು. ಯಮನಪ್ಪನ ಕೈ ಇನ್ನೂ ತಾಗಿರಲಿಲ್ಲ.

ಅವನ ಮುಖ ನೋಡಿ ಇಬ್ರಾಹಿಂಸಾಬ ಚೀಲ ಸರಿಸಿಕೊಂಡು ಹತ್ತಿರ ಬಂದ. "ಯಮನಪ್ಪ ಹೇಳೇಬಿಟ್ಟನೇನು? ಪರೀಕ್ಷಾ ಮುಗಿಯೂ ತನಕ ಹೇಳಬ್ಯಾಡ ಅಂತ ನಿಮ್ಮಪ್ಪ ಕೈ ಮುಗದಿದ್ರು."

ಮುದಕಪ್ಪನಿಗೆ ಏನೂ ತಿಳಿಯಲಿಲ್ಲ. ಆದರೆ ತಿಳಿಯಲಿಲ್ಲವೆಂದರೆ ಈ ಮನುಷ್ಯ ಬಾಯಿ ಮುಚ್ಚಿಕೊಳ್ಳುತ್ತಾನೆಂಬುದು ಹೊಳೆಯಿತು. "ಹೂಂ ಕಾಕಾ. ಹೇಳಿದ."

"ಧೈರ್ಯಾ ತಗೋ. ಲಕ್ವಾ ಅಂದ್ರ ಒಮ್ಮಿಗೇ ಇಳಿಯೂದಲ್ಲ. ಬಲಗೈ ಏಳವಲ್ದು ಖರೆ, ಮಾತು ಈಗ ಸ್ವಲ್ಪ ತಿಳೀತೈತಂತ. ನಿಮ್ಮವ್ವ ಮಲಗಿದಲ್ಲೇ ಎಡಗೈಲೆ ತೋರಸ್ತಾಳ, ನಿಮ್ಮಪ್ಪ ಅಮಾತೆಪ್ಪಾರು ರೊಟ್ಟಿ ಬಡೀತಾರ. ಎಂದೂ ಒಲಿ ಮುಂದ ಕುಂತಾವರಲ್ಲ ಪಾಪ. ದಿನಾ ಗಾಡಿ ಬಿಡೂ ಹೊತ್ತಿಗೆ ಓಡಿ ಬಂದು ಕೊಡ್ತಾರ."

ಮುದಕಪ್ಪ ಬಸ್ಸಿನ ಮೆಟ್ಟಿಲ ಮೇಲೆಯೇ ಕೂತ. "ಯಮನಪ್ಪಗ ಯಾವಾಗಿಂದ ಗೊತ್ತು, ಕಾಕಾ?"

"ಮೊದಲನೇ ದಿನದಿಂದ್ಲೇ. ನೀ ಅವಂಗ ಕಳ್ಳ ಅಂದಿ ಅಂತಲ್ಲ, ಅದನ್ನ ಕೇಳಿ ಇನ್ನ ಖರೆ ಹೇಳಿಬಿಡು ಅಂದೆ ನಾ. ಅವ ಏನಂದ ಗೊತ್ತೇನು? ಬೈಕೋತ ಆದ್ರೂ ಉಣ್ಣತಾನ ಕಾಕಾ, ಖರೆ ಗೊತ್ತಾದ್ರ ತುತ್ತು ಮುಟ್ಟೂದಿಲ್ಲ ಅಂದ."

ಮುದಕಪ್ಪ ಅರಿವೆಯ ಗಂಟನ್ನು ಮತ್ತೆ ನೋಡಿದ. ಸೀರೆಯ ನೂಲಿಗೆ ಬಣ್ಣ ಹಾಕುವ ಮುನ್ನ ಅಪ್ಪ ನೂಲಿನ ಲಡಿಗೆ ಹಾಕುತ್ತಿದ್ದ ಗಂಟು ಅದು. ಚಿಕ್ಕವನಿದ್ದಾಗ ಎದುರಿಗೆ ಕೂತು ಎಷ್ಟೋ ಲಡಿ ಹಿಡಿದಿದ್ದಾನೆ. ಸೆರಗಿನ ನೂಲಿಗೆ ಹಾಕುವ ಆ ಕೆಂಪು ಬಣ್ಣ ಅಪ್ಪನ ಕೈಯಿಂದ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ, ಹಬ್ಬದ ದಿನವೂ ಅದೇ ಕೈ.

ಸ್ಟ್ಯಾಂಡಿನ ಬಾಗಿಲಲ್ಲಿ ಯಮನಪ್ಪ ಕಾಣಿಸಿಕೊಂಡ. ಕಲಾದಗಿಯ ಡಬ್ಬಿ ಆಗಲೇ ಅವನ ಕೈಯಲ್ಲಿತ್ತು. ಮೆಟ್ಟಿಲ ಮೇಲೆ ಬಿಚ್ಚಿಟ್ಟ ಇನ್ನೊಂದು ಡಬ್ಬಿಯನ್ನು ನೋಡಿ ಅವನು ಅಲ್ಲೇ ನಿಂತುಬಿಟ್ಟ.

ಮುದಕಪ್ಪ ತಲೆ ತಗ್ಗಿಸಿ, ರೊಟ್ಟಿಯ ಮೇಲಿದ್ದ ಅಪ್ಪನ ಬೆರಳಿನ ಕೆಂಪು ಗುರುತಿಗೆ ತನ್ನ ಹೆಬ್ಬೆರಳು ಒತ್ತಿ ನೋಡಿದ. ಬೆರಳಿನ ಸುತ್ತಲೂ ಕೆಂಪು ಇನ್ನೂ ಉಳಿದಿತ್ತು.