ಮೆಂಬರ್ ಚಂದವ್ವ

ವಿಜಯಪುರದ ಆ ದೊಡ್ಡ ಸಗಟು ಅಂಗಡಿಯ ಬಾಗಿಲಲ್ಲಿ ಕಾವಲಿನವನು ಪರಸಪ್ಪನ ಅಂಗಿಯ ಮೇಲೆ ‘ಅತಿಥಿ’ ಎಂಬ ಚೀಟಿ ಅಂಟಿಸಿಯೇಬಿಟ್ಟ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಯಾವ ಕುರಿಸಂತೆಗೆ ಹೋದರೂ ಜನ ಸರಿದು ಜಾಗ ಬಿಡುವಂಥ ವ್ಯಾಪಾರಸ್ಥ ಅವನು. ಇಲ್ಲಿ ಕೇಳುವವರೇ ಇಲ್ಲ. ಕಾರ್ಡು ಇದ್ದವರಿಗಷ್ಟೇ ಪ್ರವೇಶ, ಜೊತೆಗೊಬ್ಬರು ಬರಬಹುದು. ಕಾರ್ಡು ಇದ್ದದ್ದು ಹೆಂಡತಿ ಚಂದವ್ವನ ಹೆಸರಲ್ಲಿ. ದೇವರ ಹಿಪ್ಪರಗಿ ಬಸ್ ನಿಲ್ದಾಣದ ಎದುರಿನ ಖಾನಾವಳಿ ಅವಳದು, ಲೈಸೆನ್ಸೂ ಅವಳದು.

“ಮೊದಲನೇ ವರ್ಷ ಪುಕ್ಕಟ ಕೊಟ್ಟು ಈಗ ಫೀ ಕಟ್ರಿ ಅಂತಾರ. ಮ್ಯಾಲ ಟೆಂಪೋ ಬಾಡಿಗಿ ಬ್ಯಾರೆ,” ಎಂದ ಪರಸಪ್ಪ. “ನಮ್ಮೂರ ಸಂತ್ಯಾಗ ಏನ್ ಸಿಗೂದಿಲ್ಲ? ಇವತ್ತ ಲಾಭ ಕಾಣ್ಲಿಲ್ಲಂದ್ರ ಕಾರ್ಡ್ ಇಲ್ಲೇ ಒಗದ ಹೋಗೂದು. ತಿಳೀತಿಲ್ಲೊ?”

ಚಂದವ್ವ ಕಾರ್ಡನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಮನೆ, ಹೊಲ, ಕುರಿ, ಎಲ್ಲದರ ಮೇಲೂ ಗಂಡನ ಹೆಸರು. ಒಲೆಯ ಮುಂದೆ ಬೆವರು ಸುರಿಸಿ ಅವಳು ತನ್ನದೆಂದು ಸಂಪಾದಿಸಿದ್ದು ಆ ಖಾನಾವಳಿ, ಈ ಕಾರ್ಡು. ಒಗೆಯುವ ಮಾತನ್ನು ಅವನು ಎಷ್ಟು ಸಲೀಸಾಗಿ ಆಡಿದ! ತಳ್ಳುಗಾಡಿ ಹಿಡಿದು ಒಳಗೆ ನಡೆದಳು.

ಒಳಗೆ ಪರಸಪ್ಪನಿಗೆ ತಪ್ಪು ಹುಡುಕುವುದೇ ಹಬ್ಬ. ತೊಗರಿಬೇಳೆಯನ್ನು ಬಾಯಿಗೆ ಹಾಕಿ ನೋಡೋಣವೆಂದರೆ ಚೀಲ ಹೊಲಿದಿದ್ದರು. ಒಂದು ಸಾಬೂನು ಕೇಳಿದರೆ ಡಜನ್ ಒಯ್ಯಿರಿ ಎಂದರು. ದರವಂತೂ ಮೊದಲೇ ಬರೆದು ಅಂಟಿಸಿದ್ದು, ಚೌಕಾಸಿಯ ಮಾತೇ ಇಲ್ಲ. “ವ್ಯಾಪಾರ ಮಾಡಾಕ ಬಾಯಿನ ಬ್ಯಾಡ ಅಂದ್ರ ಇದೆಂಥಾ ಅಂಗಡಿ?” ಎಂದು ಗೊಣಗಿದ. ನಿಜ ಹೇಳಬೇಕೆಂದರೆ ಬೇಳೆಯ ದರ ಊರಿಗಿಂತ ಹೆಚ್ಚೇ ಇತ್ತು. ಚಂದವ್ವ ಅದನ್ನು ಮುಟ್ಟಲಿಲ್ಲ.

ಹಿಂದಿನ ಮೂಲೆಯಲ್ಲಿ ಎಣ್ಣೆಯ ಡಬ್ಬಿಗಳ ಒಂದು ರಾಶಿ ಇತ್ತು. ಸಾಗಿಸುವಾಗ ಪೆಟ್ಟು ಬಿದ್ದು ಡಬ್ಬಿಗಳು ನೆಗ್ಗಿದ್ದವು, ಎಣ್ಣೆಗೇನೂ ಆಗಿರಲಿಲ್ಲ. ಒಯ್ದರೆ ಇಡೀ ರಾಶಿ ಒಯ್ಯಬೇಕು. ದರ ಮಾತ್ರ ಮೇಲ್ವಿಚಾರಕಿ ಸುವರ್ಣಾಳ ಜೊತೆ ಮಾತಾಡಿಕೊಳ್ಳಬೇಕು. ಅಂತೂ ಮಾತಿಗೆ ಜಾಗ ಸಿಕ್ಕಿತು! ಸುವರ್ಣಾ ಬಂದದ್ದೇ ತಡ, ಪರಸಪ್ಪ ರೂಢಿಯಂತೆ ಹೆಗಲ ಮೇಲಿನ ಟವೆಲ್ ಬಿಚ್ಚಿ, ಕೆಳಗೆ ಕೈ ಚಾಚಿದ. ಕುರಿಸಂತೆಯಲ್ಲಿ ಹಾಗೆಯೇ ಅಲ್ಲವೇ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಹೇಳುವುದು. ಚಾಚಿದ ಮೇಲೆ ಎದುರಿಗಿರುವುದು ಹೆಣ್ಣುಮಗಳೆಂಬುದು ಹೊಳೆಯಿತು. ಕೈ ಅಲ್ಲೇ ನಿಂತಿತು. ಸುತ್ತಲಿನವರು ಕಿಸಕ್ಕನೆ ನಕ್ಕರು.

ಸುವರ್ಣಾ ನಗಲಿಲ್ಲ. “ನಮ್ಮಪ್ಪನೂ ಆಲಮೇಲ ಸಂತ್ಯಾಗ ಹಿಂಗ ವ್ಯಾಪಾರ ಮಾಡ್ತಿದ್ದ ಕಾಕಾ, ನನಗೂ ಬರ್ತೈತಿ. ಆದ್ರ ಈ ಮಾಲು ಮೆಂಬರಿಗಷ್ಟ ಕೊಡೂದು. ಅಕ್ಕಾರ, ನೀವ ಕೈ ಕೊಡ್ರಿ.”

“ಆಕಿಗೇನ್ ತಿಳೀತೈತ್ರಿ ಇದು?” ಎಂದ ಪರಸಪ್ಪ.

ಚಂದವ್ವನಿಗೆ ರೇಗಿತು. ಮದುವೆಯಾದಾಗಿನಿಂದ ಪ್ರತಿ ಸಂತೆಯ ಸಂಜೆ ಊಟಕ್ಕೆ ಕೂಡುವ ಮೊದಲೇ, ‘ಅವ ಹಿಂಗ ಒತ್ತಿದ, ನಾ ಹಿಂಗ ಹಿಡದೆ’ ಎಂದು ಜಂಬ ಕೊಚ್ಚುತ್ತ, ಗೆದ್ದ ವ್ಯಾಪಾರವನ್ನೆಲ್ಲ ಇವನು ಮಾಡಿ ತೋರಿಸಿದ್ದು ಯಾರ ಕೈ ಹಿಡಿದು? “ಟವೆಲ್ ನೆಟ್ಟಗ ಹಿಡೀರಿ,” ಎಂದು ಕೈ ಒಳಗಿಟ್ಟಳು.

ಬರೆದ ದರದಲ್ಲಿ ಡಬ್ಬಿಗೆ ಎಷ್ಟು ಕಡಿಮೆ ಮಾಡುವುದು ಎಂಬುದೇ ಪ್ರಶ್ನೆ. ಒಂದು ಬೆರಳೆಂದರೆ ನೂರು ರೂಪಾಯಿ. ಸುವರ್ಣಾ ಒಂದು ಬೆರಳು ಹಿಡಿದಳು. ಚಂದವ್ವ ಅದನ್ನು ಕೊಡವಿ ನಾಲ್ಕು ಹಿಡಿದಳು. ಆ ಕಡೆಯಿಂದ ಎರಡು ಬಂತು, ಬಿಗಿಯಾಗಿ, ಇದೇ ಕೊನೆ ಎಂಬಂತೆ. ಚಂದವ್ವ ಕೈ ಸಡಿಲ ಬಿಟ್ಟು ಮೆಲ್ಲಗೆ ಹಿಂದಕ್ಕೆಳೆದುಕೊಳ್ಳತೊಡಗಿದಳು. ಬೆರಳ ತುದಿ ಬಿಟ್ಟುಹೋಗುವಷ್ಟರಲ್ಲಿ ಸುವರ್ಣಾ ಮತ್ತೆ ಹಿಡಿದಳು. ಮೂರು! ಚಂದವ್ವ ಅಂಗೈ ಒತ್ತಿ ಒಪ್ಪಿಗೆ ಕೊಟ್ಟಳು. ಟವೆಲ್ ಹಿಡಿದು ನಿಂತ ಪರಸಪ್ಪ ಮಾತ್ರ ಇವಳ ಮುಖ, ಅವಳ ಮುಖ ನೋಡಿದ್ದೇ ಬಂತು.

ಬಿಲ್ಲು ಕೈಗೆ ಬಂದಾಗ ಅದನ್ನು ತಿರುವಿ ತಿರುವಿ ಓದಿದ. ಡಬ್ಬಿಗೆ ಮುನ್ನೂರು ಕಡಿಮೆ! ಟೆಂಪೋ ಬಾಡಿಗೆ ಕಳೆದು, ಕಾರ್ಡಿನ ಫೀ ಕಳೆದು, ಇನ್ನೂ ಮಿಗುತ್ತಿತ್ತು. “ಹೋಗು, ಫೀ ಕಟ್ಟಿ ಬಾ,” ಎಂದನಷ್ಟೆ. ಚಂದವ್ವ ಸೆರಗು ಸರಿಪಡಿಸಿಕೊಂಡು, ತಲೆ ಎತ್ತಿ ಕೌಂಟರಿಗೆ ನಡೆದಳು.

ಹೊರಗೆ ಡಬ್ಬಿ ಏರಿಸುತ್ತಿದ್ದ ಟೆಂಪೋದ ದಿಲಾವರ ಬಿಲ್ಲು ನೋಡಿ ಬೆರಗಾದ. “ಭರ್ಜರಿ ಹೊಡದೀರಿ ಬಿಡ್ರಿ ಪರಸಣ್ಣ! ಇಲ್ಲೂ ಟವೆಲ್ ಹಾಸಿದ್ರೇನು?”

ಚಂದವ್ವ ಡಬ್ಬಿ ಎಣಿಸತೊಡಗಿದಳು. ಊರ ದಾರಿಯಲ್ಲಿ ಮನಗೂಳಿ ದಾಟುವಷ್ಟರಲ್ಲಿ ಈ ವ್ಯಾಪಾರವೂ ಗಂಡನದೇ ಆಗಿರುತ್ತದೆಂದು ಅವಳಿಗೆ ಗೊತ್ತಿತ್ತು.

ಪರಸಪ್ಪ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡ. “ಟವೆಲ್ ಅಷ್ಟ ನಂದೋ ದಿಲಾವರ, ವ್ಯಾಪಾರ ಚಂದವ್ವಂದು,” ಎಂದ, ಸುತ್ತಲಿನ ಹಮಾಲರಿಗೂ ಕೇಳುವಂತೆ. “ನಾ ಆಗಿದ್ರ ಎರಡ ಬೆರಳಿಗೇ ಒಪ್ಪಿ ಬರ್ತಿದ್ದೆ.”