ಶಾಲೆಗೆ ಬಂದ ಬಸಣ್ಣ

ಗೂಳಿ ಶಾಲೆಯ ಗೇಟು ದಾಟಿ ಒಳಗೆ ಬಂದಾಗ ಮಕ್ಕಳು ಮೊದಲು ನಕ್ಕರು. ಊಟಕ್ಕೆ ತಾಟು ಹಿಡಿದು ಸಾಲಾಗಿ ಕೂತವರು, "ಬಸಣ್ಣ ಬಂದ! ಬಸಣ್ಣಗೂ ಒಂದು ಸೌಟು ಹಾಕಬೇ ಭೀಮವ್ವಾ!" ಎಂದು ಕೂಗಿದರು. ದೇವರಿಗೆ ಬಿಟ್ಟ ಗೂಳಿ ಅದು. ಯಾರ ಹೊಲಕ್ಕೆ ಬಾಯಿ ಹಾಕಿದರೂ ಊರವರು ಕೈ ಮುಗಿದು ಸುಮ್ಮನಾಗುತ್ತಿದ್ದರು. ಆದರೆ ಅಂದು ಅದರ ಬಾಯಲ್ಲಿ ನೊರೆ ಇತ್ತು, ಹಿಂದೆ ಬೊಗಳುವ ನಾಯಿಗಳ ಹಿಂಡಿತ್ತು. ಬಿಸಿಯೂಟ ಬಡಿಸುತ್ತಿದ್ದ ಭೀಮವ್ವ ಸಾಂಬಾರಿನ ಬಕೆಟ್ಟು ಹಿಡಿದು ನಿಂತಲ್ಲೇ ನಿಂತಳು.

ತಾಟುಗಳು ಚೆಲ್ಲಾಪಿಲ್ಲಿಯಾದವು. ಓಡಲಾಗದ ಮಕ್ಕಳು ವರಾಂಡದ ಮೂಲೆಯಲ್ಲಿ ಸಿಕ್ಕಿಕೊಂಡರು. ವಿಜಯಲಕ್ಷ್ಮಿ ಟೀಚರ್ ಕೋಲು ಹಿಡಿದು ಮುಂದೆ ಬಂದಳು. ಅಷ್ಟರಲ್ಲಿ ಗುಡಿಯ ಪೂಜೆ ಮಾಡುವ ಶರಣಯ್ಯ ಕಾಂಪೌಂಡಿನ ಆಚೆಯಿಂದ ಚೀರಿದ:

"ಟೀಚರ್, ಬಡಿಗಿ ಕೆಳಗ ಇಡ್ರಿ! ದೇವರ ಮೈಮ್ಯಾಲ ಕೈ ಮಾಡಬ್ಯಾಡ್ರಿ!"

"ಮಕ್ಕಳು ಸಾಯ್ತಾವ್ರೀ!"

"ತಾನಾ ಹೊಳ್ಳಿ ಹೋಗ್ತದ. ಕೈ ಮುಗದು ನಿಂದರ್ರಿ."

ಟೀಚರ್ ಬೇರೆ ಊರಿನವಳು, ಊರವರನ್ನು ಎದುರು ಹಾಕಿಕೊಳ್ಳಲಾರದೆ ಕೋಲು ಕೆಳಗಿಳಿಸಿದಳು. ಭೀಮವ್ವನ ಮಗಳು ಭಾಗ್ಯಜ್ಯೋತಿ ಕಂಬಕ್ಕೆ ಬೆನ್ನು ಹಚ್ಚಿ "ಯವ್ವಾ" ಎಂದಳು. ಗೂಳಿ ಭೀಮವ್ವನಿಂದ ಒಂದು ಮಾರು ದೂರದಲ್ಲಿತ್ತು. ಬಕೆಟ್ಟು ಎತ್ತಬೇಕಿದ್ದ ಕೈ ಅದನ್ನು ನೆಲಕ್ಕಿಟ್ಟು, ಇನ್ನೊಂದು ಕೈಯೊಂದಿಗೆ ಸೇರಿ ನಮಸ್ಕಾರ ಮಾಡಿತು. ಚಿಕ್ಕಂದಿನಿಂದ ಹಾಗೆಯೇ ಕಲಿತ ಕೈ. "ಬಸಣ್ಣಾ, ನಮ್ಮಪ್ಪಾ, ಹೋಗಪ್ಪಾ" ಎನ್ನುವಷ್ಟರಲ್ಲಿ ಮಗಳು ಕೋಡಿಗೆ ಸಿಕ್ಕು ಮೇಲೆ ಹಾರಿ ವರಾಂಡದ ಕಟ್ಟೆಯ ಅಂಚಿಗೆ ಬಿದ್ದಳು.

ಆಮೇಲೆ ಅವಳು ಬಕೆಟ್ಟು ಎತ್ತಿ ಉಗ್ಗಿದಳು. ಕುದಿಯುವ ಸಾಂಬಾರು ಮುಖಕ್ಕೆ ಬಿದ್ದ ಗೂಳಿ ಒದರುತ್ತ ಗೇಟಿನ ಕಡೆ ಓಡಿತು.

ರಾಯಚೂರಿನ ದವಾಖಾನೆಯಲ್ಲಿ ಡಾಕ್ಟರು ಬೆನ್ನುಮೂಳೆಗೆ ಪೆಟ್ಟಾಗಿದೆ, ಕಾಲು ಮತ್ತೆ ಸ್ವಾಧೀನಕ್ಕೆ ಬರುತ್ತವೆಂದು ಹೇಳಲಾಗದು ಎಂದರು. ಊರಲ್ಲಿ ಬೇರೆಯೇ ಮಾತು ಬೆಳೆಯಿತು. ಗೂಳಿಯ ಒಂದು ಕಣ್ಣು ಹೋಗಿತ್ತು. ಬಸಣ್ಣನನ್ನು ಸುಟ್ಟ ಪಾಪವೇ ಮಗಳ ಕಾಲಿಗೆ ಬಂತು ಎಂದರು. ಆ ಕೈಯಿಂದ ಬಡಿಸಿದ ಅನ್ನ ನಮ್ಮ ಮಕ್ಕಳು ಉಣ್ಣುವುದಿಲ್ಲ ಎಂದರು.

"ಮದಲು ಹುಡುಗಿ ಬಿದ್ದಾಳ. ಆಮ್ಯಾಲ ನಾ ಉಗ್ಗೀನಿ," ಭೀಮವ್ವ ಗಂಡನಿಗೆ ಹೇಳಿದಳು.

"ಮದಲೋ, ಆಮ್ಯಾಲೋ, ಯಾರಿಗೆ ಬೇಕಾಗ್ಯಾದ?" ಪರಮಣ್ಣ ಕಣ್ಣೊರೆಸಿಕೊಂಡ. "ತಪ್ಪಾತು ಅಂತ ಕೇಳಿದ್ರ ಕಾಲು ಬರ್ತಾವಂತ ಗುಡಿ ಅಯ್ಯಾರು ಹೇಳ್ಯಾರ. ಒಂದು ಮಾತು ಅಂದ್ರ ನಿಂದೇನು ಗಂಟು ಹೋಗ್ತದ?"

ಸೋಮವಾರ ಅವಳು ತಲೆಯ ಮೇಲೆ ನೀರು ಸುರಿದುಕೊಂಡು ಒದ್ದೆ ಸೀರೆಯಲ್ಲೇ ಗುಡಿಯ ಮುಂದೆ ಬಂದಳು. ಗೂಳಿಯನ್ನು ಕಟ್ಟಿದ್ದರು, ಮುಖಕ್ಕೆ ಅರಿಶಿನ ಮೆತ್ತಿದ್ದರು. ಕಟ್ಟೆಯ ಮೇಲೆ ಕೂತ ಹೆಂಗಸರಲ್ಲೊಬ್ಬಳು, "ಸೊಕ್ಕು ನೋಡವ್ವ, ಕಣ್ಣಾಗ ಹನಿ ನೀರಿಲ್ಲ" ಎಂದದ್ದು ಕೇಳಿಸಿತು.

ಬಸಣ್ಣನ ಕಿವಿಯಲ್ಲಿ ಹೇಳಿದ್ದು ನೇರ ಶಿವನಿಗೆ ಮುಟ್ಟುತ್ತದೆಂದು ಊರಿನ ನಂಬಿಕೆ. "ಕಿವ್ಯಾಗ ತಪ್ಪಾತು ಅನ್ನವ್ವ," ಎಂದ ಶರಣಯ್ಯ. "ಏನೂ ಮುಚ್ಚಿಡಬ್ಯಾಡ. ಎಲ್ಲಾ ಹೇಳಿಬಿಡು."

ಅವಳು ಹತ್ತಿರ ಹೋದಾಗ ಅವಳ ವಾಸನೆಗೆ ಗೂಳಿ ನಡುಗಿತು. ಸುಟ್ಟ ಚರ್ಮದ ಮೇಲೆ ನೊಣ ಕೂತಿದ್ದವು. ಸೆರಗಿನಿಂದ ಅವನ್ನು ಓಡಿಸಿದಳು. ನಾಯಿ ಬೆನ್ನತ್ತಿದಾಗ ಹೆದರಿ ಓಡಿಬಂದ ಮೂಕ ಜೀವ, ಇದಕ್ಕೇನು ಗೊತ್ತಿತ್ತು ಅನಿಸಿತು. ಗೊತ್ತಿದ್ದದ್ದು ತನಗೆ.

"ತಪ್ಪಾತು ಯಪ್ಪಾ," ಎಂದಳು, ಎಲ್ಲರಿಗೂ ಕೇಳುವಂತೆ. ಹೆಂಗಸರು ನಿಟ್ಟುಸಿರುಬಿಟ್ಟರು. ಪರಮಣ್ಣ ನೆಲಕ್ಕೆ ಹಣೆ ಹಚ್ಚಿದ. ಭೀಮವ್ವ ಬಾಯಿಯನ್ನು ಕಿವಿಗೆ ಇನ್ನಷ್ಟು ಹತ್ತಿರ ತಂದು ಉಳಿದದ್ದನ್ನೂ ಹೇಳಿದಳು:

"ಕೈ ಮುಗದು ನಿಂತು ತಡಾ ಮಾಡಿದೆ. ಮದಲ ಉಗ್ಗಬೇಕಿತ್ತು."