ಧೂಳು ನಿಂತ ಬಗೆ

ಅಡುಗೆಕಟ್ಟೆಗೆ ಹಾಸುವ ಕಲ್ಲುಗಳನ್ನು ತಯಾರಿಸುವ ಕಾರ್ಖಾನೆ ನಮ್ಮ ಓಣಿಯ ಹಿಂದೆಯೇ ಇದೆ. ಅದರ ಬಿಳಿ ಧೂಳು ನಾನು ಪೂಜೆಗೆ ಕೊಯ್ಯುವ ಕಣಗಿಲೆ ಹೂಗಳ ಮೇಲೆ ದಿನವೂ ಕೂರುತ್ತಿತ್ತು. ಎರಡು ವರ್ಷದ ಹಿಂದೆ ಓಣಿಯವರ ಸಹಿ ಹಾಕಿಸಿ ಸರಕಾರಕ್ಕೆ ಅರ್ಜಿ ಕೊಟ್ಟೆ.

ಮಗ ಗುರುಪಾದ ಅಲ್ಲಿಯೇ ಪಾಲಿಶ್ ಶೆಡ್ಡಿನಲ್ಲಿ ದುಡಿಯುತ್ತಿದ್ದ. "ಅಪ್ಪಾ, ಸುಮ್ಮನ ಬಿಡು," ಎಂದ.

"ದೇವರ ಹೂವಿಗಿಂತ ನಿನ್ನ ನೌಕರಿ ದೊಡ್ಡದೇನಲೇ?" ಎಂದು ಗದರಿಸಿದೆ.

ತಿಂಗಳೊಳಗೆ ಧೂಳು ನಿಂತಿತು. ಶಿವನೇ ನಡೆಸಿಕೊಟ್ಟನೆಂದು ಗುಡಿಯಲ್ಲಿ ಕಾಯಿ ಒಡೆಸಿದೆ.

ಮರುವರ್ಷ ಗುರುಪಾದನಿಗೆ ಕೆಮ್ಮು ಹತ್ತಿತು. ಬೀಡಿ ಕಲಿತಿದ್ದಾನೆಂದು ಬೈದೆ. ತಲೆ ತಗ್ಗಿಸಿ ಕೇಳಿಸಿಕೊಂಡ. ಈ ಶ್ರಾವಣದಲ್ಲಿ ತೀರಿಕೊಂಡ. ಎದೆಯ ತುಂಬ ಕಲ್ಲಿನ ಧೂಳು ಎಂದು ಡಾಕ್ಟರು ಬರೆದುಕೊಟ್ಟರು.

ಆ ಚೀಟಿ ಹಿಡಿದು ಮ್ಯಾನೇಜರರ ಮುಂದೆ ನಿಂತೆ.

"ಎರಡು ವರ್ಷದಿಂದ ನನ್ನ ಅಂಗಳದಾಗ ಚಿಟಿಕಿ ಧೂಳಿಲ್ಲ. ನನ್ನ ಮಗನ ಎದ್ಯಾಗ ಎಲ್ಲಿಂದ ಬಂತ್ರಿ, ಸಾಹೇಬ್ರ?"

ಅವರು ಗೋಡೆಯ ಮೇಲಿನ ಚೌಕಟ್ಟು ತೋರಿಸಿದರು. "ಹೊರಗ ಧೂಳು ಬಿಡಲಿಲ್ಲ ಅಂತ ನಮಗ ಪರಿಸರ ಪ್ರಶಸ್ತಿ ಕೊಟ್ಟಾರ, ಅಜ್ಜಾರ."

"ಅದಕ್ಕೇನು ಮಂತ್ರ ಹಾಕಿದ್ರಿ?"

"ಮಂತ್ರ ಎಲ್ಲೀದ್ರಿ? ನಿಮ್ಮ ಅರ್ಜಿ ಬಂದ ವಾರಾನ ಪಾಲಿಶ್ ಶೆಡ್ಡಿನ ಕಿಟಕಿ ಎಲ್ಲಾ ಇಟ್ಟಂಗಿ ಕಟ್ಟಿ ಮುಚ್ಚಿಸಿದ್ವಿ. ಗುರುಪಾದ ಮನ್ಯಾಗ ಹೇಳ್ಲಿಲ್ಲೇನ್ರಿ?"